ಗೋಡೆಯ ಮೇಲೆ ಬರೆದ ಬೆಲೆ

ಕನ್ನಡಕದ ಡಬ್ಬಿ ಪಕ್ಕದ ಸೀಟಿನ ಮೇಲಿತ್ತು. ಆರ್ಡಿಸ್ ಅದನ್ನು ನೋಡಬಾರದೆಂದು ಎದುರಿನ ಗಾಜಿನ ಆಚೆ ನೋಡುತ್ತ ಕೂತಿದ್ದಳು. ಕಾರು ನಿಲ್ಲಿಸಿ ಬಹಳ ಹೊತ್ತಾಗಿತ್ತು. ಒಳಗಿನ ಬಿಸಿಯೆಲ್ಲ ಸೋರಿಹೋಗಿ ಕಾಲ್ಬೆರಳು ಜುಮುಗುಡತೊಡಗಿತ್ತು. ಆಸ್ಪತ್ರೆಯ ಅಂಗಳದ ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಹಿಮ ಮಾರ್ಚ್ ತಿಂಗಳಿಗೆ ಕಪ್ಪಾಗಿ, ಉಪ್ಪುಮಣ್ಣು ಮೆತ್ತಿಕೊಂಡು, ಕರಗಲೂ ಮನಸ್ಸಿಲ್ಲದೆ ಬಿದ್ದುಕೊಂಡಿತ್ತು. ಬೆಳಿಗ್ಗೆ ಆಫೀಸಿನಲ್ಲಿ ಫೋನು ನೋಡಿಕೊಳ್ಳುವ ಪಾಲೀನ್, ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗದ ವಿಧವೆ, ಬಾಗಿಲಲ್ಲಿ ಇಣುಕಿ, "ಬೆವ್ ಮೇಡಂ ಫೋನ್ ಮಾಡಿದ್ರು. ಯಜಮಾನ್ರ ಓದೋ ಕನ್ನಡಕ ಮೇಜಿನ ಮೇಲೇ ಉಳಿದುಬಿಟ್ಟಿದೆಯಂತೆ. ಯಾರ ಕೈಲಾದ್ರೂ ಆಸ್ಪತ್ರೆಗೆ ಕಳಿಸಿ ಅಂದ್ರು," ಎಂದಿದ್ದಳು. "ಯಾವ ಆಸ್ಪತ್ರೆಗೆ?" "ಅಯ್ಯೋ, ನಮ್ಮೂರದಕ್ಕೇ. ಸೊಂಟದ ಆಪರೇಷನ್ ಆಯ್ತಂತಲ್ಲ. ನಿಮಗೆ ಗೊತ್ತೇ ಇರತ್ತೆ." "ಗೊತ್ತು," ಎಂದುಬಿಟ್ಟಿದ್ದಳು ಆರ್ಡಿಸ್. ಯಾಕೆ ಹಾಗೆಂದೆ? ಯಜಮಾನ ಹಾರ್ಲನ್ ವ್ರೂಮನ್ ಹೆಂಡತಿ ಬೆವ್ ಜೊತೆ ಫ್ಲೋರಿಡಾದಲ್ಲಿ ಮರಳ ಮೇಲೆ ಬಿಸಿಲು ಕಾಯಿಸುತ್ತಿದ್ದಾನೆಂದು ಇಡೀ ಫ್ಯಾಕ್ಟರಿಗೆ ಹೇಳಿದವಳು ತಾನೇ. ಅವನು ತನಗೆ ಹೇಳಿದ್ದೂ ಅದನ್ನೇ. ಆದರೆ ನಿನ್ನೆ ಮೊನ್ನೆ ಬಂದ ಪಾಲೀನ್ ಎದುರು ಗೊತ್ತಿಲ್ಲ ಎನ್ನಲು ಬಾಯಿ ಬಂದಿರಲಿಲ್ಲ. "ಕೊಡಿ ಇಲ್ಲಿ, ನಾನೇ ಹೋಗ್ತೀನಿ," ಎಂದು ಕೋಟು ಹಾಕಿಕೊಂಡಿದ್ದಳು, ದೊಡ್ಡ ಜವಾಬ್ದಾರಿಯ ಹೆಂಗಸಿನ ಹಾಗೆ.

ಯಾವ ಸೊಂಟಕ್ಕೆ ಎಷ್ಟು ಎಂಬುದು ಈ ಊರಿನಲ್ಲಿ ಅವಳಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ಚೀಸ್ ಮಾಡುವ ಡೇರಿಗಳಿಗೆ ಉಕ್ಕಿನ ದೊಡ್ಡ ತೊಟ್ಟಿಗಳನ್ನು ಮಾಡಿಕೊಡುವ ವ್ರೂಮನ್ ಫ್ಯಾಕ್ಟರಿಯಲ್ಲಿ ಕೆಲಸಗಾರರ ಆರೋಗ್ಯ ವಿಮೆ ನೋಡಿಕೊಳ್ಳುತ್ತ ಅವಳ ಅರ್ಧ ಆಯುಸ್ಸು ಕಳೆದಿತ್ತು. ವರ್ಷವರ್ಷವೂ ಸಂಬಳದಲ್ಲಿ ಹಿಡಿಯುವುದು ಹೆಚ್ಚುತ್ತಿತ್ತು, ವರ್ಷವರ್ಷವೂ ಅದನ್ನು ಜನರಿಗೆ ಹೇಳಬೇಕಾದವಳು ಅವಳೇ. ಕ್ಯಾಂಟೀನಿನಲ್ಲಿ ಬೆಸುಗೆಯವರು ಸುಮ್ಮನೆ ತಮ್ಮ ಬೂಟು ನೋಡುತ್ತ ನಿಲ್ಲುತ್ತಿದ್ದರು, ಅವರು ಬೈದಿದ್ದರೇ ವಾಸಿಯಿತ್ತು. ಒಂದೇ ಮಂಡಿ, ಒಂದೇ ಡಾಕ್ಟರು, ಮೂರು ಜನಕ್ಕೆ ಮೂರು ಬಿಲ್ಲು. ಯಾಕೆ ಎಂದು ಊರಿನ ಆಸ್ಪತ್ರೆಯನ್ನು ಕೇಳಿದರೆ, "ಅದು ಒಂದೊಂದು ಸಲ ಒಂದೊಂದು ಥರ ಮೇಡಂ." ಮುಂಚೆಯೇ ಬೆಲೆ ಹೇಳಿ ಎಂದರೆ, "ಹಾಗೆಲ್ಲ ಹೇಳೋಕೆ ಬರಲ್ಲ." ಆಲೂಗಡ್ಡೆ ಕೊಳ್ಳುವಾಗ ಕೇಳುವ ಪ್ರಶ್ನೆಯನ್ನು ಕೇಳಿ ಕೇಳಿ ಎರಡು ವರ್ಷ ಸವೆಸಿದ್ದಳು. ಆಮೇಲೆ ನಗರದಲ್ಲಿ ಆ ಶಸ್ತ್ರಚಿಕಿತ್ಸಾ ಕೇಂದ್ರವನ್ನು ಕಂಡಿದ್ದು. ಒಳಗೆ ಕಾಲಿಡುತ್ತಿದ್ದಂತೆಯೇ ಗೋಡೆಯ ಮೇಲೆ ಮಂಡಿಗಿಷ್ಟು, ಸೊಂಟಕ್ಕಿಷ್ಟು, ಕಣ್ಣಿಗಿಷ್ಟು ಎಂದು ಎಲ್ಲರಿಗೂ ಕಾಣುವ ಹಾಗೆ ಬರೆದಿತ್ತು. ಅದರ ಮುಂದೆ ನಿಂತು ಅವಳಿಗೆ ಅಳು ಬಂದಿತ್ತು. ಅದನ್ನು ಇವತ್ತಿಗೂ ಯಾರಿಗೂ ಹೇಳಿರಲಿಲ್ಲ. ಹಾರ್ಲನ್‌ಗೆ ಮಾತ್ರ ಹೇಳಿದ್ದಳು. ಅವನು ಕೇಳಿ, ಕಣ್ಣು ಕಿರಿದು ಮಾಡಿ, "ಮಾಡೋಣಮ್ಮಾ," ಎಂದಿದ್ದ. ಯೋಜನೆ ಇಷ್ಟೇ: ಹೊರಗಿನ ವಿಮೆ ಕಂಪನಿಯನ್ನು ಬಿಟ್ಟು ಫ್ಯಾಕ್ಟರಿಯೇ ಖರ್ಚು ಹೊರುವುದು, ಬೆಲೆ ಮೊದಲೇ ಹೇಳುವ ಜಾಗಕ್ಕೆ ಹೋದರೆ ಕೆಲಸಗಾರ ಒಂದು ಕಾಸೂ ಕೊಡಬೇಕಾಗಿಲ್ಲ, ವ್ಯಾನು ಹೋಟೆಲು ಎಲ್ಲ ಫ್ಯಾಕ್ಟರಿಯದೇ. ಊರಿನ ಆಸ್ಪತ್ರೆಯೇ ಬೇಕೆಂದರೆ ಜೇಬಿನಿಂದ ಹಾಕಿಕೊಳ್ಳಬೇಕು. ಕ್ಯಾಂಟೀನಿನ ಕಟ್ಟೆಯ ಮೇಲೆ ಅವಳ ಭುಜದ ಮೇಲೆ ಕೈಯಿಟ್ಟು ಅವನು ಆಡಿದ ಮಾತು ಅವಳಿಗೆ ಬಾಯಿಪಾಠವಾಗಿತ್ತು: "ನನ್ನ ಸೊಂಟ ಕೈಕೊಟ್ಟ ದಿನ ನಾನೂ ಇದೇ ವ್ಯಾನು ಹತ್ತುತ್ತೀನಿ ಕಣ್ರಯ್ಯಾ." ಎಲ್ಲರೂ ನಕ್ಕಿದ್ದರು. ಕೆಳಗಿಳಿದ ಮೇಲೆ ಅವಳೊಬ್ಬಳಿಗೇ, "ಜನ ನಂಬಬೇಕಾದ್ರೆ ಮೊದಲು ನಿನ್ನ ಮನೆಯಿಂದ ಶುರು ಮಾಡು," ಎಂದಿದ್ದ. ಅವಳು ಮಾಡಿದ್ದಳು.

ಡಬ್ಬಿಯನ್ನು ಕೋಟಿನ ಜೇಬಿಗೆ ಹಾಕಿ ಇಳಿದಳು. ಆಸ್ಪತ್ರೆಯ ಬಾಗಿಲು ತಾನಾಗಿ ತೆರೆದುಕೊಂಡಿತು, ಹಳೆಯ ವಾಸನೆ ಮುಖಕ್ಕೆ ಬಡಿಯಿತು: ನೆಲ ಒರೆಸುವ ಔಷಧಿ, ಕಾಫಿ, ಒದ್ದೆ ಉಣ್ಣೆ. ಹೆರಿಗೆ ವಾರ್ಡು ಮುಚ್ಚಿದ ಮೇಲೆ ಅವಳು ಇಲ್ಲಿಗೆ ಕಾಲಿಟ್ಟಿರಲಿಲ್ಲ. ಎದುರಿನ ಮೇಜಿನಲ್ಲಿ ಗುಲಾಬಿ ನಿಲುವಂಗಿ ಹಾಕಿಕೊಂಡು ಪುಕ್ಕಟೆ ಸೇವೆಗೆ ಕೂರುವ ಮ್ಯಾವಿಸ್ ಹೆಣಿಗೆ ಕೆಳಗಿಟ್ಟಳು. ಒಂದೇ ಚರ್ಚು, ಒಂದೇ ಬೀದಿ, ತಪ್ಪಿಸಿಕೊಳ್ಳುವಂತಿರಲಿಲ್ಲ.

"ಬಂದ್ಯಾ ತಾಯಿ. ಹಾರ್ಲನ್ ನೋಡೋಕೆ ತಾನೇ? ಎರಡನೇ ಮಹಡಿ, ಬಲಗಡೆ ಕೊನೇ ರೂಮು. ಒಳ್ಳೇ ರೂಮು ಕೊಡಿಸಿದೀಯ ಬಿಡು, ನದಿ ಕಾಣತ್ತೆ."

"ನಾನೇನೂ ಕೊಡಿಸಿಲ್ಲ."

"ಸರಿ ಸರಿ, ನಾನ್ಯಾರಿಗೆ ಹೇಳ್ಲಿ?" ಮ್ಯಾವಿಸ್ ಕಣ್ಣು ಮಿಟುಕಿಸಿದಳು. "ಇಲ್ಲೇ ಮಾಡಿಸ್ಕೋತಾರೆ ಅಂತ ಒಂದು ವಾರದಿಂದ ಊರಿಗೆಲ್ಲ ಗೊತ್ತು. ಅಡುಗೆಮನೆಯೋರು ಹೇಳ್ತಿದ್ರು, ಆರ್ಡಿಸ್ ಭಾರೀ ಜಾಣೆ, ಕೂಲಿಗಳಿಗೆ ವ್ಯಾನು, ಯಜಮಾನ್ರಿಗೆ ನದಿ ಅಂತ."

ನಗಬೇಕಾಗಿತ್ತು, ಮುಖ ಹಾಗೇ ಮಾಡಿಕೊಂಡಿತು. ಲಿಫ್ಟಿನ ಉಕ್ಕಿನ ಬಾಗಿಲಲ್ಲಿ ತನ್ನ ಮುಖ ಅಗಲವಾಗಿ ಕಂಡಾಗ ಕೂಡ ಅದು ನಗುತ್ತಲೇ ಇತ್ತು. ಹಾಗಾದರೆ ಒಂದು ವಾರದಿಂದ ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲಲ್ಲಿ, ಫ್ಯಾಕ್ಟರಿಯ ಗೇಟಿನಲ್ಲಿ ತನಗೆ ನಮಸ್ಕಾರ ಹೇಳಿದವರೆಲ್ಲ ತನ್ನನ್ನು ಸುಳ್ಳಿ ಎಂದುಕೊಂಡೇ ಹೇಳಿದ್ದಾರೆ. ಇಲ್ಲ, ನನಗೆ ಗೊತ್ತೇ ಇರಲಿಲ್ಲ ಎಂದು ಮನೆಮನೆಗೆ ಹೋಗಿ ಹೇಳಬಹುದು. ಆಗ ಸುಳ್ಳಿ ಹೋಗಿ ದಡ್ಡಿಯಾಗುತ್ತಾಳೆ. ಎರಡರಲ್ಲಿ ಯಾವುದು ವಾಸಿ? ಲಿಫ್ಟು ನಿಂತಿತು.

ಬಲಗಡೆ ಹೋಗಬೇಕಾದವಳು ಎಡಕ್ಕೆ ತಿರುಗಿದಳು. ಕಾಲಿಗೆ ಅದೇ ರೂಢಿ. ಹೆರಿಗೆ ವಾರ್ಡಿನ ಜೋಡಿ ಬಾಗಿಲಿಗೆ ಬೀಗ ಹಾಕಿತ್ತು, ಗಾಜಿನ ಹಿಂದೆ ಮಡಚಿದ ಮಂಚಗಳು, ರಟ್ಟಿನ ಪೆಟ್ಟಿಗೆಗಳು. ಗೋಡೆಯ ಮೇಲೆ ಆ ಗುಂಡಿ ಮಾತ್ರ ಇನ್ನೂ ಇತ್ತು, ಅಂಗೈಯಗಲದ ನೀಲಿ ಗುಂಡಿ. ಮಗು ಹುಟ್ಟಿದಾಗ ಅದನ್ನು ಒತ್ತಿದರೆ ಇಡೀ ಆಸ್ಪತ್ರೆಯಲ್ಲಿ ಲಾಲಿಯ ನಾಲ್ಕು ಸ್ವರ ಕೇಳಿಸುತ್ತಿತ್ತು. ಊಟ ಹಂಚುವವರು, ಎಕ್ಸ್‌ರೇಗೆ ಕಾದವರು, ಹೃದಯ ಕೈಕೊಟ್ಟು ಮಲಗಿದವರು ಎಲ್ಲ ಒಂದು ಗಳಿಗೆ ತಲೆಯೆತ್ತುತ್ತಿದ್ದರು. ಅಮ್ಮ ಸಾಯುವಾಗಲೂ ಹಾಗೇ ಆಯಿತು. ಕೆಳಗಿನ ಮಹಡಿಯಲ್ಲಿ ಅಮ್ಮನ ಕೈ ಹಿಡಿದು ಕೂತಿದ್ದಾಗ ಆ ಸ್ವರ ಬಂತು, ಅಮ್ಮ ಕಣ್ಣು ಬಿಟ್ಟು, "ಯಾರೋ ಬಂದ್ರು," ಎಂದಳು, "ನಮ್ಮ ವೋನಿ ತಂದಳು." ವೋನಿ ಎಂದರೆ ಅಕ್ಕ ಲವೋನ್, ಈ ವಾರ್ಡಿನ ನರ್ಸು. ಹೆರಿಗೆ ಮಾಡಿಸಿ ಗುಂಡಿ ಒತ್ತಿ ಮೆಟ್ಟಿಲಿಳಿದು ಅವಳು ಓಡಿಬರುವಷ್ಟರಲ್ಲಿ ಅಮ್ಮ ಇರಲಿಲ್ಲ. ಇಬ್ಬರೂ ಒಂದೇ ಕುರ್ಚಿಯಲ್ಲಿ ಒತ್ತಿಕೊಂಡು ಕೂತು ಅತ್ತಿದ್ದರು. ಅಂಥ ಅಕ್ಕ ವಾರ್ಡು ಮುಚ್ಚಿದ ಮೇಲೆ ಮಾತು ಬಿಟ್ಟಳು, ಎರಡು ವರ್ಷವಾಯಿತು. ಫ್ಯಾಕ್ಟರಿಯವರೆಲ್ಲ ನಗರಕ್ಕೆ ಹೋಗಿ ಊರಿನ ಆಸ್ಪತ್ರೆಯ ಹೊಟ್ಟೆಗೆ ಹೊಡೆದರು, ಅದಕ್ಕೇ ವಾರ್ಡು ಹೋಯಿತು, ಎಲ್ಲ ಆರ್ಡಿಸ್‌ಳ ಕೆಲಸ ಎಂದು ಊರು ಆಡಿಕೊಂಡಿತು. ಅವಳೂ ಒಳಗೊಳಗೇ ಅದನ್ನು ನಂಬಿದ್ದಳು. ಲವೋನ್ ಈಗ ಒಂದು ತಾಸು ಕಾರು ಓಡಿಸಿಕೊಂಡು ಬೇರೆ ಊರಿನ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುತ್ತಾಳೆ, ಮುದುಕರ ವಾರ್ಡಿನಲ್ಲಿ.

ಹಾರ್ಲನ್ ಕೋಣೆಯಲ್ಲಿರಲಿಲ್ಲ. ಓಣಿಯಲ್ಲೇ ಬರುತ್ತಿದ್ದ. ನಾಲ್ಕು ಕಾಲಿನ ಊರುಗೋಲು ಹಿಡಿದು, ಹಿಂದೆ ಗಂಟು ಕಟ್ಟುವ ಆಸ್ಪತ್ರೆಯ ಅಂಗಿ ತೊಟ್ಟು, ಬರಿಗಾಲಿಗೆ ಹಳದಿ ಕಾಲುಚೀಲ. ಆ ಕಾಲುಗಳು ಎಷ್ಟು ತೆಳ್ಳಗಿವೆ ಎಂದು ಅವಳಿಗೆ ಅನಿಸಿ, ಅದಕ್ಕೂ ಸಿಟ್ಟು ಬಂತು. ಕನಿಕರಪಡಲು ಇದು ಹೊತ್ತಲ್ಲ.

"ಅರೆ, ಆರ್ಡಿಸ್! ನೀನ್ಯಾಕಮ್ಮ ಬರೋಕೆ ಹೋದೆ? ಯಾರನ್ನಾದ್ರೂ ಕಳಿಸಿದ್ರೆ ಆಗ್ತಿತ್ತು."

"ಫ್ಲೋರಿಡಾ ಹೇಗಿದೆ?"

ಅವನು ತಲೆ ಹಿಂದೆ ಹಾಕಿ ನಕ್ಕ. ಆ ನಗುವಿಗೆ ಎಲ್ಲರೂ ಸೋಲುತ್ತಿದ್ದರು. "ಬೈಬೇಡ ಮಾರಾಯ್ತಿ. ಬೆವ್‌ಗೆ ಆ ಹೋಟೆಲು, ಆ ವ್ಯಾನು ಒಗ್ಗಲ್ಲ. ಇಲ್ಲಾದ್ರೆ ಮನೆಯಿಂದ ಹತ್ತು ಹೆಜ್ಜೆ. ಡಾಕ್ಟರೂ ನನ್ನ ಜೊತೆ ಗಾಲ್ಫ್ ಆಡೋನು."

"ಸೊಂಟ ಬೆವ್‌ದಾ ನಿಮ್ಮದಾ?"

"ನನ್ನದೇ. ಅದಕ್ಕೇ ಹೇಳ್ತಿರೋದು. ಮನುಷ್ಯ ತನ್ನ ಸ್ವಂತ ಸೊಂಟಕ್ಕೆ ಚೌಕಾಸಿ ಮಾಡ್ತಾನೇನಮ್ಮಾ?"

ಅವನು ಇದನ್ನು ಬಹಳ ಪ್ರೀತಿಯಿಂದ ಹೇಳಿದ. ಎಂಥವರಿಗೂ ಅರ್ಥವಾಗಬೇಕಾದ ಮಾತು ಎಂಬಂತೆ. ಬೆಸುಗೆಯ ಎಮ್ಮೆಟ್ ಮಂಡಿಗೆಂದು ವ್ಯಾನು ಹತ್ತುವಾಗ ಅವನ ಹೆಂಡತಿ ಕಿಟಕಿಗೆ ಕೈಯಿಟ್ಟು ನಿಂತಿದ್ದಳು, ಅವಳನ್ನು ಸಮಾಧಾನ ಮಾಡಿದ್ದು ಆರ್ಡಿಸ್. ಎಮ್ಮೆಟ್‌ನ ಮಂಡಿ ಚೆನ್ನಾಗಿ ವಾಸಿಯಾಯಿತು, ಒಂದು ಕಾಸೂ ಬೀಳಲಿಲ್ಲ, ಸಂಬಳದಲ್ಲಿ ಹಿಡಿಯುವುದೂ ಅಲ್ಲಿಂದ ಹೆಚ್ಚಲಿಲ್ಲ. ಎಲ್ಲ ನಿಜ. ಅದೇ ಅವಳ ಹೊಟ್ಟೆ ಉರಿಸಿತು. ಯೋಜನೆ ಸುಳ್ಳಾಗಿದ್ದರೆ ಇಲ್ಲೇ ಇವನ ಮುಖದ ಮೇಲೆ ಬಿಸಾಕಿ ಹೋಗಬಹುದಿತ್ತು. ಯೋಜನೆ ಬಂಗಾರದಂತಿತ್ತು. ಇವನು ಅದನ್ನು ಬೇರೆಯವರ ಮೈಗೆ ಮಾತ್ರ ಅಳತೆ ಮಾಡಿ ಹೊಲಿಸಿದ್ದ.

"ನನ್ನ ಕೈಗೆ ಯಾವ ಬಿಲ್ಲೂ ಬರಲಿಲ್ಲ. ಯಾವ ವಿಮೆಯಿಂದ ಮಾಡಿಸಿದ್ರಿ?"

"ಅದು ಬೇರೆ ಇದೆ. ಮೊದಲಿಂದ್ಲೂ ಇದೆ. ನಾನು, ಹುಡುಗರಿಬ್ಬರು, ಲೆಕ್ಕದ ರಾಲ್ಫು, ನಾಲ್ಕೇ ಜನಕ್ಕೆ. ಸಣ್ಣದು, ನಿನಗ್ಯಾಕೆ ತಲೆನೋವು ಅಂತ."

ನಾಲ್ಕು ಜನ. ಇಷ್ಟು ವರ್ಷ ತಾನು ಆ ಮನೆಯ ಐದನೆಯವಳು ಎಂದುಕೊಂಡಿದ್ದಳು. ಕ್ರಿಸ್‌ಮಸ್‌ಗೆ ಹ್ಯಾಮ್ ಕಳಿಸುತ್ತಿದ್ದ, ಅವಳ ಗಂಡ ಬಿಟ್ಟುಹೋದಾಗ ತಾನೇ ಬಂದು ಮನೆಯ ಮೆಟ್ಟಿಲ ಹಿಮ ತೆಗೆದಿದ್ದ. "ಬೆಲೆ ಕೇಳಿದ್ರಾ?" ಎಂದಳು. ಧ್ವನಿ ಸಣ್ಣದಾಗಿತ್ತು.

"ಕೇಳ್ದೆ. ಫೋನಲ್ಲೇ ಹೇಳಿದ್ರು. ಒಳ್ಳೇ ರೇಟು ಹಾಕ್ಕೊಟ್ರಪ್ಪ."

"ಫೋನಲ್ಲೇ."

"ಬಾ, ಒಳಗೆ ಕೂತ್ಕೊಂಡು ಮಾತಾಡೋಣ, ನಿಂತ್ಕೊಳ್ಳೋಕಾಗ್ತಿಲ್ಲ ನಂಗೆ."

ಅವಳು ಕದಲಲಿಲ್ಲ. ಓಣಿಯ ಆ ತುದಿಯ ಬೀಗ ಹಾಕಿದ ಬಾಗಿಲನ್ನು ನೋಡಿ, "ಅದು ನನ್ನಿಂದ ಮುಚ್ಚಿತು ಅಂತ ಜನ ಇನ್ನೂ ಹೇಳ್ತಾರೆ," ಎಂದಳು. ಸುಮ್ಮನೆ ಬಂದ ಮಾತು. ಅವನಿಗೆ ನೋವಾಗಲಿ, ಒಂದು ಮಾತು ಸಮಾಧಾನ ಹೇಳಲಿ ಎಂದು ಇರಬೇಕು.

"ಏ, ಅದನ್ನ ಇನ್ನೂ ತಲೇಲಿಟ್ಕೊಂಡಿದೀಯಾ? ನಿನ್ನ ಯೋಜನೆಗೂ ಅದಕ್ಕೂ ಏನು ಸಂಬಂಧ? ಹೆರಿಗೇಲಿ ನಷ್ಟ ಆಗ್ತಿತ್ತು. ನೀನು ಶುರು ಮಾಡೋಕೆ ಮುಂಚೇನೇ ತೀರ್ಮಾನ ಆಗಿತ್ತದು. ಮುಚ್ಚೋಣ ಅಂತ ನಾವು ಕೈ ಎತ್ತಿದ್ದು ಅದರ ಹಿಂದಿನ ವರ್ಷ..." ಎಂದವನು ನಿಂತ.

ನಾವು. ಕೆಳಗಿನ ಹಜಾರದ ಹಿತ್ತಾಳೆ ಫಲಕದಲ್ಲಿ ಆಸ್ಪತ್ರೆಯ ಆಡಳಿತ ಮಂಡಳಿಯ ಹೆಸರುಗಳಿದ್ದವು, ಅದರಲ್ಲಿ ವ್ರೂಮನ್ ಎಂಬುದೂ ಇತ್ತು. ಊರಿನ ದೊಡ್ಡವರ ಹೆಸರು ಎಲ್ಲ ಫಲಕದಲ್ಲೂ ಇರುತ್ತದೆ ಎಂದು ಅವಳು ಅದನ್ನು ಓದಿದ್ದರೂ ಓದಿರಲಿಲ್ಲ. ಚಿಕ್ಕಪ್ಪ ಸತ್ತಾಗ ಚರ್ಚಿನಲ್ಲಿ ಅಕ್ಕ ಎಡಗಡೆ, ತಾನು ಬಲಗಡೆ ಕೂತಿದ್ದರು. ಮಧ್ಯದ ದಾರಿಯಲ್ಲಿ ಹಾರ್ಲನ್ ಬಂದು ಇಬ್ಬರ ಕೈಯನ್ನೂ ಬೇರೆ ಬೇರೆಯಾಗಿ ಕುಲುಕಿ ಹೋಗಿದ್ದ. ಒಂದು ಮಾತು. ಆ ದಿನ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು.

"ನಮ್ಮಕ್ಕ ನನ್ನ ಹತ್ರ ಮಾತು ಬಿಟ್ಟಿದ್ದು ನಿಮಗೆ ಗೊತ್ತಿತ್ತು."

"ಅಕ್ಕತಂಗಿ ವಿಷಯ. ನಾನ್ಯಾಕೆ ಮಧ್ಯ ಬರ್ಲಿ ಅಂದ್ಕೊಂಡೆ." ಅವನ ಹಣೆಯಲ್ಲಿ ಬೆವರಿತ್ತು. "ಕನ್ನಡಕ ತಂದ್ಯಾ? ಎರಡು ದಿನದಿಂದ ಪೇಪರ್ ಓದಿಲ್ಲ."

ಜೇಬಿನಲ್ಲಿ ಅವಳ ಕೈ ಡಬ್ಬಿಯನ್ನು ಹಿಡಿದುಕೊಂಡೇ ಇತ್ತು. "ಇಲ್ಲ," ಎಂದಳು. "ಮರೆತುಬಂದೆ." ತಿರುಗಿ ನಡೆದಳು. ಇಷ್ಟು ವರ್ಷದಲ್ಲಿ ಅವನಿಗೆ ಹೇಳಿದ ಮೊದಲ ಸುಳ್ಳು ಅದು, ಅದೂ ಎಂಥ ಸಣ್ಣ ಸುಳ್ಳು ಎಂದು ಅವಳಿಗೇ ನಾಚಿಕೆಯಾಯಿತು.

ಆಫೀಸಿಗೆ ಹೋಗಲಿಲ್ಲ. ನದಿಯ ದಂಡೆಯ ರಸ್ತೆಯಲ್ಲಿ ಸುಮ್ಮನೆ ಕಾರು ಓಡಿಸಿದಳು. ಒಂದು ಸಲ ಜೋರಾಗಿ ಕೆಟ್ಟ ಬೈಗುಳ ಬೈದಳು, ಮುಚ್ಚಿದ ಕಾರಿನಲ್ಲಿ ಅದು ಬೇರೆ ಯಾರದೋ ಧ್ವನಿಯ ಹಾಗಿತ್ತು. ಆದರೆ ಸಿಟ್ಟಿನ ಅಡಿಯಲ್ಲಿ ಇನ್ನೊಂದು ಏಳುತ್ತಿತ್ತು, ಅದನ್ನು ಸಂತೋಷ ಎನ್ನಲು ಹೆದರಿಕೆ. ನನ್ನಿಂದ ಮುಚ್ಚಲಿಲ್ಲ. ನಾನು ಮಾಡಲಿಲ್ಲ ವೋನಿ. ಮೋಸ ಮಾಡಿದವನೇ ತನ್ನ ಬಾಯಿಂದ ಅಕ್ಕನನ್ನು ತನಗೆ ವಾಪಸು ಕೊಟ್ಟಿದ್ದ. ಹೋಗಿ ಹೇಳಿದರೆ ಆಯಿತು. ಅವತ್ತು ಈಸ್ಟರಿಗೆ ಮುಂಚಿನ ಉಪವಾಸದ ಕಾಲದ ಶುಕ್ರವಾರ, ಇಡೀ ಊರು ಮಾಂಸ ಬಿಟ್ಟು ಸ್ಟಾಷ್ ಬಾರಿನಲ್ಲಿ ಕರಿದ ಮೀನು ತಿನ್ನುವ ದಿನ. ಲವೋನ್ ರಾತ್ರಿಪಾಳಿಗೆ ಹೋಗುವ ಮುಂಚೆ ಐದಕ್ಕೆ ಬರುತ್ತಾಳೆ, ಅದಕ್ಕೇ ಆರ್ಡಿಸ್ ಏಳಕ್ಕೆ ಬರುತ್ತಾಳೆ. ಯಾರೂ ಕೂತು ಒಪ್ಪಂದ ಮಾಡಿಕೊಂಡಿರಲಿಲ್ಲ, ಶುಕ್ರವಾರ ತಾನಾಗಿ ಎರಡು ಪಾಲಾಗಿತ್ತು.

ಇವತ್ತು ಅವಳು ಐದಕ್ಕೆ ಬಾಗಿಲು ತಳ್ಳಿದಳು. ಎಣ್ಣೆಯ ಹೊಗೆ, ಬ್ರಾಂಡಿ, ಜನ. ನಾಲ್ಕಾರು ತಲೆಗಳು ತಿರುಗಿ, ಮತ್ತೆ ತಟ್ಟೆಗೆ ಬಗ್ಗಿದವು. ಲವೋನ್ ಕಿಟಕಿಯ ಪಕ್ಕದ ಸಣ್ಣ ಮೇಜಿನಲ್ಲಿ ನರ್ಸಿನ ಬಟ್ಟೆಯಲ್ಲೇ ಕೂತಿದ್ದಳು, ಎದುರಿಗೆ ಮೀನು, ಕರಿ ಬ್ರೆಡ್ಡು, ಕಪ್ಪು ಕಾಫಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ದೂರದಿಂದ ನೋಡಿದಾಗ ಇದು ಕಂಡಿರಲಿಲ್ಲ.

"ಇದು ನನ್ನ ಹೊತ್ತು," ಎಂದಳು ಲವೋನ್, ತಲೆಯೆತ್ತದೆ.

"ಗೊತ್ತು ಕಣೇ. ಒಂದು ವಿಷಯ ಹೇಳಿ ಹೋಗ್ಬಿಡ್ತೀನಿ."

ಕೂತಳು. ಕೋಟು ಬಿಚ್ಚದೆ, ಉಸಿರು ತೆಗೆದುಕೊಳ್ಳದೆ ಹೇಳಿದಳು. ಹಾರ್ಲನ್, ಸೊಂಟ, ನಾಲ್ಕು ಜನರ ವಿಮೆ, ಕೈ ಎತ್ತಿದ್ದು. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು, ಒಳ್ಳೆಯ ಸುದ್ದಿ ತಂದವರ ಹಾಗೆ. ಲವೋನ್ ಮೀನಿನ ಮುಳ್ಳು ಬಿಡಿಸುತ್ತ ಕೇಳಿದಳು. ಆ ಬೆರಳುಗಳು ಎಷ್ಟು ಹಗುರವಾಗಿ ಕೆಲಸ ಮಾಡುತ್ತವೆ ಎಂದು ಊರಿನ ಅರ್ಧ ಹೆಂಗಸರಿಗೆ ಗೊತ್ತಿತ್ತು.

"ಅಷ್ಟೇನೇ ತಂದಿದ್ದು?" ಎಂದಳು ಕೊನೆಗೆ. "ಅದು ನಮಗೆಲ್ಲ ಆಗಲೇ ಗೊತ್ತಿತ್ತು. ಹಳೇ ತೊಟ್ಟಿಲು ಮುರಿದ್ರೆ ಹೊಸದು ತರೋದು ನಿಲ್ಸಿದ್ರು. ಬಿಟ್ಟುಹೋದ ನರ್ಸಿನ ಜಾಗಕ್ಕೆ ಇನ್ನೊಬ್ಬರನ್ನ ಹಾಕ್ತಿರ್ಲಿಲ್ಲ. ಕಣ್ಣಿಲ್ವಾ ನಮಗೆ?"

"ಗೊತ್ತಿದ್ದೂ ನನ್ನ ಮೇಲೆ..."

"ವಾರ್ಡಿಗೆ ಅಂದ್ಕೊಂಡ್ಯಾ?" ಲವೋನ್ ಈಗ ಮುಖ ನೋಡಿದಳು. "ಪಾಪ. ಎರಡು ವರ್ಷ ವಾರ್ಡಿಗೆ ಅಂದ್ಕೊಂಡೇ ಇದ್ಯಾ?"

"ಮತ್ತೆ ಯಾತಕ್ಕೆ?" ಎಂದಳು ಆರ್ಡಿಸ್.

"ನಿನ್ನ ಮಗಳು ಕರೀನ್ ಬಸುರಿ ಆದಾಗ, ದಿನ ತುಂಬೋ ತಿಂಗಳಿಡೀ ನಾನು ರಜಾನೇ ಹಾಕಿರ್ಲಿಲ್ಲ. ಬೇರೆಯವರ ಪಾಳೀನೂ ನಾನೇ ಇಸ್ಕೊಂಡೆ, ಯಾವ ಗಳಿಗೇಲಿ ಬಂದ್ರೂ ನಾನಿರ್ಬೇಕು ಅಂತ. ಊರವರ ಮಕ್ಕಳಿಗೆಲ್ಲ ಒತ್ತಿದೀನಿ ಆ ಗುಂಡಿ. ನನಗಂತೂ ಮಕ್ಕಳಿಲ್ಲ. ನಮ್ಮನೇದಕ್ಕೆ ಒಂದೇ ಒಂದು ಸಲ ಒತ್ತೋಣ ಅಂತ ಆಸೆ." ಅವಳು ಕಾಫಿ ಕುಡಿದಳು. "ನೀನು ಫೋನ್ ಮಾಡಿ ಹೇಳಿದೆ. ನಗರಕ್ಕೆ ಕರ್ಕೊಂಡು ಹೋಗ್ತಿದೀವಿ, ಅಲ್ಲಿ ಕಡಿಮೆ ಆಗತ್ತೆ, ನಮ್ಮನೆಯಿಂದ್ಲೇ ಶುರು ಮಾಡ್ಬೇಕು ಅಂತ. ನನಗೆ ಹೇಳಿದೆ ಅದನ್ನ. ಖುಷಿಯಾಗಿ ಹೇಳಿದೆ."

"ವೋನಿ, ಅವನು ಹೇಳಿದ್ದ ಕಣೇ. ಹಾರ್ಲನ್ ಹೇಳಿದ್ದ, ಜನ ನಂಬಬೇಕಾದ್ರೆ..."

"ಅವನು ಅವನ ಮನೇದು ನೋಡ್ಕೊಂಡ. ನೀನು?" ಬಾರಿನ ಗದ್ದಲದಲ್ಲೂ ಅವಳ ಧ್ವನಿ ಏರಲಿಲ್ಲ. "ನಾನು ಮಾತು ಬಿಟ್ಟಿದ್ದು ಅವತ್ತೇ. ನಿನಗೆ ಗೊತ್ತಾಗೋಕೆ ಒಂದು ವರ್ಷ ಹಿಡೀತು."

ಆ ಒಂದು ವರ್ಷವನ್ನು ಆರ್ಡಿಸ್ ಹುಡುಕಿದಳು. ಸಭೆಗಳು, ನಗರದ ವ್ಯಾನು, ಕ್ಯಾಂಟೀನಿನ ಗೋಡೆಗೆ ಅಂಟಿಸಿದ ಬೆಲೆಗಳು, ಭುಜದ ಮೇಲೆ ಹಾರ್ಲನ್‌ನ ಕೈ. ಅದರಲ್ಲಿ ಅಕ್ಕ ಎಲ್ಲೂ ಇರಲಿಲ್ಲ. ಇರಲಿಲ್ಲ ಎಂಬುದು ಅವಳ ಗಮನಕ್ಕೂ ಬಂದಿರಲಿಲ್ಲ. ಮೊಮ್ಮಗಳು ಸಿಗ್ನೆಗೆ ಈಗ ಮೂರು ವರ್ಷ, ಬೆಲೆ ಮೊದಲೇ ಹೇಳುವ ನಗರದ ಒಂದು ಆಸ್ಪತ್ರೆಯಲ್ಲಿ ಅವಳು ಹುಟ್ಟಿದಾಗ ಯಾವ ಸ್ವರವೂ ಕೇಳಿಸಲಿಲ್ಲ. ಅಲ್ಲಿ ಆ ಪದ್ಧತಿ ಇರಲಿಲ್ಲವೋ ಏನೋ, ಕೇಳಿರಲಿಲ್ಲ. ಬೆಲೆ ಮಾತ್ರ ಕೇಳಿದ್ದಳು. ಏನಾದರೂ ಹಿಡಿದುಕೊಳ್ಳಲೆಂದು ಕೋಟಿನ ಜೇಬಿಗೆ ಕೈ ಹಾಕಿದರೆ ಹಾರ್ಲನ್‌ನ ಕನ್ನಡಕದ ಡಬ್ಬಿ ಸಿಕ್ಕಿತು. ಯಾಕೆಂದು ತಿಳಿಯದೆ ಅದನ್ನು ಮೇಜಿನ ಮೇಲೆ ಇಟ್ಟಳು. ಲವೋನ್ ಅದರ ಕಡೆ ನೋಡಲೂ ಇಲ್ಲ. ಎದ್ದು ಕುರ್ಚಿಯ ಬೆನ್ನಿನಿಂದ ಕೋಟು ತೆಗೆದುಕೊಂಡಳು, ಒಂದು ತೋಳು ಹಾಕಿ ನಿಂತಳು.

"ಎಷ್ಟು ಉಳೀತು?"

"ಏನು?"

"ಇಲ್ಲಿ ಹೆತ್ತಿದ್ರೆ ಎಷ್ಟಾಗ್ತಿತ್ತು, ಅಲ್ಲಿ ಎಷ್ಟಾಯ್ತು. ನಡುವೆ ಉಳಿದದ್ದು. ನಿನಗೆ ಬಾಯಿಗೇ ಬರತ್ತಲ್ಲ ಎಲ್ಲ ಬೆಲೆ. ಹೇಳು."

ಬರುತ್ತಿತ್ತು. ಹೇಳಬಾರದು ಎಂದು ಎಷ್ಟು ಒತ್ತಿ ಹಿಡಿದರೂ ಅದು ನಾಲಿಗೆಯ ತುದಿಯಲ್ಲೇ ಇತ್ತು. ಬೆಲೆಯನ್ನು ಬಚ್ಚಿಡಬಾರದು, ಕೇಳಿದವರಿಗೆ ಕೇಳಿದ ಕೂಡಲೇ ಹೇಳಬೇಕು ಎಂದು ಇಷ್ಟು ವರ್ಷ ಊರಿಗೆಲ್ಲ ಸಾರಿದವಳು ಅವಳೇ. ಆರ್ಡಿಸ್ ಹೇಳಿದಳು.

ಲವೋನ್ ಇನ್ನೊಂದು ತೋಳನ್ನೂ ಹಾಕಿಕೊಂಡು, ಕುತ್ತಿಗೆಯವರೆಗೆ ಗುಂಡಿ ಹಾಕಿದಳು.

"ಅಷ್ಟೇನಾ," ಎಂದಳು.